ತಗ್ಗು ಸೂರಿನ ಕೆಳಗೆ ಕಾರು ಎಷ್ಟು ಏರೀತು?

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಂಥ ಊರಲ್ಲಿ ಎತ್ತರದ ಸೂರು ನೋಡಬೇಕೆಂದರೆ ಹುಳು ಮನೆಗೆ ಹೋಗಬೇಕು. ರೇಷ್ಮೆ ಹುಳುವಿಗೆ ಗಾಳಿ ಆಡಬೇಕು, ಸೆಕೆ ಮೇಲಕ್ಕೆ ಹೋಗಬೇಕು. ಅದಕ್ಕಾಗಿ ಸಾಕಣೆ ಮನೆಯನ್ನು ಎತ್ತರಿಸಿ ಕಟ್ಟುತ್ತಾರೆ. ಕಾರು ನಿಲ್ಲುವ ಪೋರ್ಟಿಕೊಗೆ ಆ ಭಾಗ್ಯ ಇಲ್ಲ. ಅದರ ಸ್ಲ್ಯಾಬು ಒಂಬತ್ತು ಅಡಿಗೆ ನಿಂತರೆ, ಕೆಳಗೆ ಇಳಿದ ಬೀಮು ಇನ್ನೊಂದು ಅಡಿ ತಿಂದುಹಾಕುತ್ತದೆ. ಉಳಿದದ್ದರಲ್ಲಿ ಫ್ಯಾನಿನ ಕೊಕ್ಕೆಗೂ ಟ್ಯೂಬ್‌ಲೈಟಿಗೂ ಪಾಲು ಕೊಡಬೇಕು. ಇಂಥ ಜಾಗದಲ್ಲಿ ಕಾರು ಎತ್ತುವ ಲಿಫ್ಟ್ ಹಾಕಿಸಿಕೊಂಡು ಆಯಿಲ್, ಬ್ರೇಕು, ಸಸ್ಪೆನ್ಷನ್ ಎಲ್ಲವನ್ನೂ ಮನೆಯಲ್ಲೇ ನೋಡಿಕೊಳ್ಳುವ ಆಸೆ ಹಲವರಿಗೆ ಇದೆ. ಹಾಗಾದರೆ ಹುಳು ಮನೆಯಲ್ಲೇ ಹಾಕಿಬಿಡೋಣ ಎಂದರೆ ಆಗದು. ಹೊಗೆಯೂ ಎಣ್ಣೆ ವಾಸನೆಯೂ ರೇಷ್ಮೆ ಹುಳುವಿಗೆ ವಿಷ, ಒಂದು ಬೆಳೆ ಹೋದರೆ ಲಿಫ್ಟಿನ ಉಳಿತಾಯವೆಲ್ಲ ಅದರ ಜೊತೆಗೇ ಹೋಗುತ್ತದೆ.

ಆದ್ದರಿಂದ ಪೋರ್ಟಿಕೊದಲ್ಲೇ ಲೆಕ್ಕ ಹಾಕೋಣ. ಒಂಬತ್ತು ಅಡಿ ಎಂದರೆ 2743 ಮಿಲಿಮೀಟರು. ಈಗಿನ ವ್ಯಾಗನ್ ಆರ್ ಕಾರಿನ ಎತ್ತರ 1675. ಕಳೆದರೆ 1068 ಉಳಿಯಿತು. ಕಾರಿನ ತಲೆಗೂ ಸ್ಲ್ಯಾಬಿಗೂ ನಡುವೆ ನಾಲ್ಕು ಇಂಚಾದರೂ ಬಿಡಬೇಕಲ್ಲ? ಅದನ್ನೂ ತೆಗೆದರೆ ಕಾರು ಏರಬಹುದಾದದ್ದು ಸುಮಾರು 970 ಮಿಲಿಮೀಟರು, ಅಂದರೆ ಮೂರು ಅಡಿ ಎರಡು ಇಂಚು. ಬೀಮಿನ ಕೆಳಗೆ ಇದೇ ಲೆಕ್ಕ ಎರಡು ಅಡಿ ಎರಡು ಇಂಚಿಗೆ ಇಳಿಯುತ್ತದೆ. 1795 ಮಿಲಿಮೀಟರ್ ಎತ್ತರದ ಇನ್ನೋವಾ ಕ್ರಿಸ್ಟಾ ಆದರೆ ಸ್ಲ್ಯಾಬಿನ ಕೆಳಗೇ ಎರಡೂ ಮುಕ್ಕಾಲು ಅಡಿ ಅಷ್ಟೆ. ಡಿಕ್ಕಿಯ ಬಾಗಿಲು ಮೇಲಕ್ಕೆ ತೆರೆಯುವ ಕಾರನ್ನು ಎತ್ತಿ ನಿಲ್ಲಿಸಿ, ಆಮೇಲೆ ಒಳಗಿನ ಸ್ಪ್ಯಾನರ್ ನೆನಪಾದರೆ ಮತ್ತೆ ಇಳಿಸಬೇಕಾಗುತ್ತದೆ.

ಗ್ಯಾರೇಜುಗಳಲ್ಲಿ ನಾವು ನೋಡುವ ಎರಡು ಕಂಬದ ಲಿಫ್ಟು ಕಾರನ್ನು ಸುಮಾರು ಆರು ಅಡಿ ಎತ್ತುತ್ತದೆ. ಮೆಕ್ಯಾನಿಕ್ಕು ಕೆಳಗೆ ನಿಂತು ಕೆಲಸ ಮಾಡಲೆಂದೇ ಆ ಎತ್ತರ. ಆರು ಅಡಿ ಏರಿದ ವ್ಯಾಗನ್ ಆರ್ ತಲೆ ನೆಲದಿಂದ ಹನ್ನೊಂದೂವರೆ ಅಡಿಗೆ ಮುಟ್ಟುತ್ತದೆ. ಇದಕ್ಕೆ ಪರಿಹಾರ ಎಂಬಂತೆ ಮೇಲಿನ ಅಡ್ಡಪಟ್ಟಿ ಇಲ್ಲದ ಮೋಟು ಕಂಬದ ಲಿಫ್ಟುಗಳು ಸಿಗುತ್ತವೆ. ಎರಡು ಕಂಬಗಳನ್ನು ಜೋಡಿಸುವ ಹಗ್ಗ, ಪೈಪು ಎಲ್ಲ ನೆಲದ ಮೇಲಿನ ತಗಡಿನ ಕೆಳಗೆ ಹೋಗುತ್ತವೆ. ತಗ್ಗು ಸೂರಿಗೆ ಹೇಳಿ ಮಾಡಿಸಿದ್ದು ಎಂದು ಇದನ್ನು ಮಾರುವವರು ಹೇಳುವುದು ಅರ್ಧ ಸತ್ಯ. ಸೂರಿನ ಕೆಳಗೆ ಲಿಫ್ಟು ಹಿಡಿಸುವುದು ಬೇರೆ, ಲಿಫ್ಟಿನ ಮೇಲೆ ಕಾರು ಹಿಡಿಸುವುದು ಬೇರೆ. ಕಂಬ ಎಷ್ಟೇ ಮೋಟಾದರೂ ಕಾರು ಮೋಟಾಗುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಅಡ್ಡಪಟ್ಟಿ ಇರುವ ಲಿಫ್ಟಿನಲ್ಲಿ ಕಾರಿನ ತಲೆ ತಾಗಿದ ಕೂಡಲೇ ಮೋಟಾರು ನಿಲ್ಲಿಸುವ ಸ್ವಿಚ್ಚು ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಇರುತ್ತದೆ. ಪಟ್ಟಿಯೇ ಇಲ್ಲದ ಮೇಲೆ ಆ ಕಾವಲೂ ಇಲ್ಲ. ಸೂರು ತಗ್ಗಾಗಿರುವ ಕಡೆಯೇ ಅದು ಹೆಚ್ಚು ಬೇಕಾದದ್ದು.

ನನಗೆ ಕಾಣುವಂತೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಕೆಲಸ ಮಾಡುವವರು ನಿಲ್ಲಲೇಬೇಕೆ? ಮೂರಡಿ ಚಿಲ್ಲರೆ ಏರಿದ ಕಾರಿಗೆ ಅದರ ತಳದ ತೆರವು, ಅಂದರೆ ಆರೂವರೆ ಇಂಚು ಸೇರಿಸಿದರೆ ತಳ ನೆಲದಿಂದ ಮೂರೂ ಮುಕ್ಕಾಲು ಅಡಿಗೆ ಹತ್ತಿರ ಬರುತ್ತದೆ. ಮಣೆ ಹಾಕಿಕೊಂಡು ಕೂತವರ ತಲೆ ಅದಕ್ಕಿಂತ ಕೆಳಗೇ ಇರುತ್ತದೆ. ಕೈ ಚಾಚಿದರೆ ಎಂಜಿನ್ನಿನ ತಳಕ್ಕೆ ಸಿಗುತ್ತದೆ. ನೆಲದ ಮೇಲೆ ಕೂತು ಬೈಕ್ ಬಿಚ್ಚುವುದು, ಹುಳು ತಟ್ಟೆ ಹರಡಿಕೊಂಡು ಕೆಲಸ ಮಾಡುವುದು, ರಾಗಿ ಬೀಸುವುದು ಎಲ್ಲ ರೂಢಿಯಾಗಿರುವ ನಾಡಿನಲ್ಲಿ ಕೂತು ಮಾಡುವ ಕಾರಿನ ಕೆಲಸ ಏನೂ ಕಷ್ಟವಲ್ಲ. ಚಕ್ರ ಬಿಚ್ಚಿ ಬ್ರೇಕು ನೋಡುವುದಕ್ಕಂತೂ ಎರಡು ಅಡಿ ಸಾಕು. ಗೇರ್‌ಬಾಕ್ಸ್ ಇಳಿಸುವುದು ಮಾತ್ರ ಮೂರಡಿಯಲ್ಲಿ ಹಿಂಸೆ, ಅದನ್ನು ಗ್ಯಾರೇಜಿಗೇ ಬಿಡುವುದು ಒಳ್ಳೆಯದು.

ಮೂರಡಿಯೇ ಸಾಕು ಎಂದಾದರೆ ಎದುರಿಗೆ ಬಂದು ನಿಲ್ಲುವುದು ಕತ್ತರಿ ಲಿಫ್ಟು. ಅಂಗಡಿ ಬಾಗಿಲಿನ ಮಡಚುವ ಕಬ್ಬಿಣದ ಗೇಟನ್ನು ಮಲಗಿಸಿ ಇಟ್ಟರೆ ಅದೇ ಇದು. ಎರಡು ತೋಳು ನಡುವೆ ಒಂದು ಗೂಟದಲ್ಲಿ ಅಡ್ಡಡ್ಡ ಸೇರಿವೆ. ಕೆಳಗಿನ ತುದಿಗಳನ್ನು ಹತ್ತಿರ ತಳ್ಳಿದರೆ ಮೇಲಿನ ಹಾಸು ಏರುತ್ತದೆ. ನೋಡಲು ಸರಳ, ಒಳಗಿನ ಬಲದ ಲೆಕ್ಕ ಮಾತ್ರ ತಲೆತಿರುಗಿಸುವಂಥದ್ದು.

ತೋಳಿನ ಉದ್ದ ಒಂದೂವರೆ ಮೀಟರು, ಕಾರಿನ ತೂಕ ಒಂದೂವರೆ ಟನ್ನು ಎಂದುಕೊಳ್ಳಿ. ಹಾಸು ಏರಿ ತೋಳು ನೆಲಕ್ಕೆ ಸುಮಾರು 39 ಡಿಗ್ರಿ ವಾಲಿದಾಗ ಎತ್ತರ ನಮಗೆ ಬೇಕಾದ ಮೂರಡಿಯ ಆಸುಪಾಸು. ಆಗ ಕೆಳಗಿನ ತುದಿಯನ್ನು ತಳ್ಳಲು ಬೇಕಾದ ಬಲ ಎರಡು ಟನ್ನಿಗಿಂತ ಸ್ವಲ್ಪ ಕಡಿಮೆ, ಇದು ನ್ಯಾಯವಾಗಿಯೇ ಇದೆ. ಇನ್ನು ಶುರುವಿಗೆ ಬನ್ನಿ. ತೋಳು ಮಲಗಿದೆ, ಎರಡು ತುದಿಗಳ ನಡುವಿನ ಎತ್ತರ ಬರೀ ನಾಲ್ಕು ಇಂಚು. ಕೋನ ನಾಲ್ಕು ಡಿಗ್ರಿಗಿಂತ ಕಡಿಮೆ. ಅದೇ ಒಂದೂವರೆ ಟನ್ನು ಎತ್ತಲು ಈಗ ಅಡ್ಡಕ್ಕೆ ತಳ್ಳಬೇಕಾದದ್ದು ಇಪ್ಪತ್ತೆರಡು ಟನ್ನಿನ ಬಲ! ಕಾರಣ ಇಷ್ಟೆ: ತೋಳು ಚಪ್ಪಟೆ ಮಲಗಿರುವಾಗ ತಳ್ಳಿದ್ದೆಲ್ಲ ಅಡ್ಡಕ್ಕೇ ಹೋಗುತ್ತದೆ, ಮೇಲಕ್ಕೆ ತಿರುಗುವುದು ಅದರ ಹದಿನೈದರಲ್ಲಿ ಒಂದು ಪಾಲು. ತೋಳು ಎದ್ದಂತೆ ಪಾಲು ಬೆಳೆಯುತ್ತದೆ. 45 ಡಿಗ್ರಿಗೆ ಬಂದಾಗ ತಳ್ಳಿದಷ್ಟೂ ಮೇಲಕ್ಕೆ ಬರುತ್ತದೆ.

ತಗ್ಗು ಸೂರಿನ ಮನೆಗೆ ಇದೇ ಬಿಕ್ಕಟ್ಟು. ಕಾರು ಲಿಫ್ಟಿನ ಮೇಲೆ ಹಾದು ಬರಬೇಕಾದರೆ ಮಡಚಿದ ಲಿಫ್ಟು ಕಾರಿನ ತಳಕ್ಕಿಂತ ತಗ್ಗಿರಬೇಕು. ಸ್ವಿಫ್ಟ್ ಕಾರಿನ ತಳದ ತೆರವು 163 ಮಿಲಿಮೀಟರು ಮಾತ್ರ. ಲಿಫ್ಟು ತೆಳ್ಳಗಾದಷ್ಟೂ ಶುರುವಿನ ಕೋನ ಸಣ್ಣದಾಗುತ್ತದೆ, ಕೋನ ಸಣ್ಣದಾದಷ್ಟೂ ಬಲ ಏರುತ್ತದೆ, ಬಲ ಏರಿದಷ್ಟೂ ಗೂಟವೂ ತೋಳೂ ದಪ್ಪಗಾಗಬೇಕು, ದಪ್ಪಗಾದರೆ ಲಿಫ್ಟು ತೆಳ್ಳಗಿರದು. ಇದರಿಂದ ಪಾರಾಗಲು ತಯಾರಕರು ತೋಳನ್ನು ತಳ್ಳುವ ಎಣ್ಣೆಯ ಸಿಲಿಂಡರನ್ನು ನೆಲಕ್ಕೆ ಸಮವಾಗಿ ಇಡದೆ ಓರೆಯಾಗಿ ತೋಳಿನ ನಡುವಿಗೆ ಕೂರಿಸುತ್ತಾರೆ. ಕೆಲವರು ಮೊದಲ ಕೆಲವು ಇಂಚು ಎತ್ತಲೆಂದೇ ಒಂದು ರೋಲರನ್ನೋ ಸಣ್ಣ ಸಹಾಯಕ ಸಿಲಿಂಡರನ್ನೋ ಜೋಡಿಸುತ್ತಾರೆ. ಅಂಗಡಿಯಲ್ಲಿ ಕತ್ತರಿ ಲಿಫ್ಟ್ ನೋಡುವಾಗ ಅದು ಪೂರ್ತಿ ಏರಿ ನಿಂತ ಚಂದ ನೋಡುವುದಕ್ಕಿಂತ, ಭಾರ ಹೊತ್ತು ನೆಲದಿಂದ ಏಳುವ ಮೊದಲ ಕ್ಷಣವನ್ನು ನೋಡಿ. ಅದು ಅಲ್ಲಿ ನಡುಗಿದರೆ, ಮೋಟಾರು ನರಳಿದರೆ, ಅದನ್ನು ಬಿಟ್ಟು ಬನ್ನಿ.

ಇಷ್ಟು ಬಲ ಒಂದು ಸಣ್ಣ ಸಿಲಿಂಡರಿಗೆ ಎಲ್ಲಿಂದ ಬರುತ್ತದೆ? ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎಂಬ ಬ್ಲೇಸ್ ಪ್ಯಾಸ್ಕಲ್‌ನ ಬರಹ ಅವನು ತೀರಿಕೊಂಡ ಮರುವರ್ಷ, 1663ರಲ್ಲಿ ಅಚ್ಚಾಯಿತು. ಅದನ್ನು ಯಂತ್ರವಾಗಿಸಿ ಜೋಸೆಫ್ ಬ್ರಾಮಾ 1795ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಕಾರು ಎತ್ತಲು ಅದನ್ನು ಹೂಡಿದವನು ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿ, 1920ರ ದಶಕದ ನಡುವಿನಲ್ಲಿ. ಕ್ಷೌರದಂಗಡಿಯ ಏರಿಳಿಯುವ ಕುರ್ಚಿ ನೋಡಿ ಅವನಿಗೆ ಹೊಳೆಯಿತು ಎಂದು ಹೇಳುತ್ತಾರೆ. ಕತೆ ನಿಜವೋ ಅಲ್ಲವೋ, ಲುನಾಟಿಯ ಲಿಫ್ಟಿನ ವಂಶ ನಮ್ಮ ಹೆದ್ದಾರಿ ಬದಿಯ ವಾಟರ್ ಸರ್ವಿಸ್‌ಗಳಲ್ಲಿ ಇಂದಿಗೂ ಉಳಿದಿದೆ. ನೆಲದಿಂದ ಮೇಲೆದ್ದ ಒಂದೇ ದಪ್ಪ ಕಂಬ, ಅದರ ತಲೆಯ ಮೇಲೆ ಸುತ್ತ ತಿರುಗುವ ಕಾರು. ಅಲ್ಲಿ ಕಂಪ್ರೆಸರ್ ಗಾಳಿ ಎಣ್ಣೆಯನ್ನು ಒತ್ತುತ್ತದೆ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಏಳು ಕಿಲೋ ಎಂದರೂ, 28 ಸೆಂಟಿಮೀಟರ್ ಅಗಲದ ಕಂಬ ನಾಲ್ಕು ಟನ್ನಿಗೂ ಹೆಚ್ಚು ಎತ್ತಬಲ್ಲದು. ಮನೆಯ ಲಿಫ್ಟಿನಲ್ಲಿ ಪಂಪು ಎಣ್ಣೆಗೆ ಅದರ ಇಪ್ಪತ್ತೈದು ಪಟ್ಟು ಒತ್ತಡ ಕೊಡುತ್ತದೆ. ಹಾಗಾಗಿ ಆರು ಸೆಂಟಿಮೀಟರ್ ಅಗಲದ ಸಿಲಿಂಡರೂ ಐದು ಟನ್ನಿಗೆ ಹತ್ತಿರ ತಳ್ಳುತ್ತದೆ. ವಾಟರ್ ಸರ್ವಿಸ್‌ನ ಕಂಬ ತನ್ನ ಎತ್ತರವನ್ನೆಲ್ಲ ನೆಲದೊಳಗೆ ಹೂತಿಟ್ಟುಕೊಂಡಿರುತ್ತದೆ, ಮೇಲೆ ಬರೀ ಆಕಾಶ. ಸೂರಿನ ಚಿಂತೆ ಅದಕ್ಕೆ ಇಲ್ಲ.

ನೆಲದೊಳಗೆ ಹೋಗುವ ಯೋಚನೆ ಮನೆಯಲ್ಲೂ ಬರುತ್ತದೆ. ಹಳೇ ಗ್ಯಾರೇಜುಗಳ ಗುಂಡಿ ಅದೇ ತಾನೇ? ಒಂದು ಗುಂಡಿ ತೋಡಿದರೆ ಸೂರಿನ ಗೊಡವೆಯೇ ಇಲ್ಲ. ಚಿಕ್ಕಬಳ್ಳಾಪುರದ ಕಡೆ ಅಂತರ್ಜಲ ಬಹಳ ಆಳದಲ್ಲಿದೆ, ಗುಂಡಿಗೆ ನೀರು ಜಿನುಗುವುದೆಲ್ಲಿಂದ ಎನ್ನಬಹುದು. ಆದರೆ 2021ರ ನವೆಂಬರಿನಂಥ ಮಳೆ ಬಂದು ಕೆರೆಗಳೇ ಕೋಡಿ ಹರಿದಾಗ ಮನೆ ಮುಂದಿನ ಗುಂಡಿ ಒಣಗಿರುವುದಿಲ್ಲ. ನೀರಿಗಿಂತ ದೊಡ್ಡ ಭಯ ಪೆಟ್ರೋಲಿನ ಆವಿ. ಅದು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಚೆಲ್ಲಿದ್ದು ಗುಂಡಿಗಿಳಿದು ಅಲ್ಲೇ ಕೂರುತ್ತದೆ. ಕೆಳಗೆ ಕೂತವರ ಕೈಯಲ್ಲಿ ಬಲ್ಬು ಒಡೆದರೆ ಸಾಕು. ಎಲ್‌ಪಿಜಿ ಕೂಡ ಹಾಗೆಯೇ ಇಳಿಯುತ್ತದೆ. ಸಿಎನ್‌ಜಿ ಇದಕ್ಕೆ ತದ್ವಿರುದ್ಧ, ಗಾಳಿಗಿಂತ ಹಗುರ. ಸೋರಿದರೆ ತಗ್ಗು ಸೂರಿನ ಅಡಿ, ಬೀಮುಗಳ ನಡುವಿನ ಮೂಲೆಗಳಲ್ಲಿ ಸೇರಿಕೊಳ್ಳುತ್ತದೆ. ಮೂರು ಕಡೆ ತೆರೆದ ಪೋರ್ಟಿಕೊ ಇಲ್ಲಿ ಮುಚ್ಚಿದ ಗ್ಯಾರೇಜಿಗಿಂತ ಎಷ್ಟೋ ವಾಸಿ.

ಗುಂಡಿ ತೋಡುವ ಮೊದಲು, ಲಿಫ್ಟು ಕೂರಿಸುವ ಮೊದಲು ಕೂಡ, ಮನೆ ಕಟ್ಟಿದ ಮೇಸ್ತ್ರಿಯನ್ನು ಕೇಳಬೇಕಾದ ಒಂದು ಪ್ರಶ್ನೆ ಇದೆ: ಸಂಪು ಎಲ್ಲಿದೆ? ಬೆಂಗಳೂರಿನಿಂದ ಶಿಡ್ಲಘಟ್ಟದವರೆಗೆ ಹೊಸ ಮನೆಗಳ ನೀರಿನ ಸಂಪು ಸಾಮಾನ್ಯವಾಗಿ ಪೋರ್ಟಿಕೊದ ಕೆಳಗೇ ಇರುತ್ತದೆ, ಪಕ್ಕದಲ್ಲಿ ಒಳಚರಂಡಿಯ ಚೇಂಬರು. ಮೇಲೆ ಚಂದದ ಪಾರ್ಕಿಂಗ್ ಟೈಲ್ಸು ಹಾಸಿರುವುದರಿಂದ ಕೆಳಗೆ ಏನಿದೆಯೆಂದು ತಿಳಿಯುವುದಿಲ್ಲ. ನಿಂತ ಕಾರು ತನ್ನ ತೂಕವನ್ನು ನಾಲ್ಕು ಟೈರಿಗೆ ಹಂಚುತ್ತದೆ, ಅಷ್ಟನ್ನು ಸಂಪಿನ ಮುಚ್ಚಳದ ಸ್ಲ್ಯಾಬು ತಡೆದೀತು. ಎರಡು ಕಂಬದ ಲಿಫ್ಟಿನ ಕತೆ ಹಾಗಲ್ಲ. ಪ್ರತಿ ಕಂಬವೂ ಅರ್ಧ ಕಾರನ್ನು ತನ್ನಿಂದ ದೂರ, ಚಾಚಿದ ತೋಳಿನ ತುದಿಯಲ್ಲಿ ಹೊತ್ತಿರುತ್ತದೆ. ಆ ಭಾರ ಕಂಬವನ್ನು ಒಳಕ್ಕೆ ಬೀಳಿಸಲು ಎಳೆಯುತ್ತಲೇ ಇರುತ್ತದೆ. ಬೀಳದಂತೆ ಹಿಡಿದಿರುವುದು ಬುಡದ ಬೋಲ್ಟುಗಳು, ಬೋಲ್ಟುಗಳನ್ನು ಹಿಡಿದಿರುವುದು ಕಾಂಕ್ರೀಟು. ತಯಾರಕರು ಸಾಮಾನ್ಯವಾಗಿ ನಾಲ್ಕರಿಂದ ಆರು ಇಂಚಿನ ಗಟ್ಟಿ ಕಾಂಕ್ರೀಟು ಕೇಳುತ್ತಾರೆ. ಟೈಲ್ಸಿನ ಕೆಳಗಿನ ತೆಳು ಬೆಡ್ಡು ಆ ಲೆಕ್ಕಕ್ಕೆ ಬರುವುದಿಲ್ಲ. ಕತ್ತರಿ ಲಿಫ್ಟು ಭಾರವನ್ನು ನೇರ ಕೆಳಕ್ಕೆ ಒತ್ತುವುದರಿಂದ ನೆಲದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಲ್ಲ. ಆದರೂ ಸಂಪಿನ ಮೇಲೆ ಅದಕ್ಕೂ ಜಾಗವಿಲ್ಲ.

ಕತ್ತರಿಯಲ್ಲೂ ಎರಡು ಬಗೆ ಇವೆ. ಒಂದೇ ಹಾಸಿನದು ಕಾರಿನ ನಡುಮಧ್ಯ ಬಂದು ನಿಲ್ಲುತ್ತದೆ. ಸೈಲೆನ್ಸರ್ ಪೈಪು, ಗೇರ್‌ಬಾಕ್ಸು ಎಲ್ಲಕ್ಕೂ ಅದೇ ಅಡ್ಡ. ಟೈರ್ ಅಂಗಡಿಗಳಲ್ಲಿರುವಂತೆ ಎಡಕ್ಕೊಂದು ಬಲಕ್ಕೊಂದು ಹಾಸು ಇರುವುದು ನಡುವನ್ನು ಖಾಲಿ ಬಿಡುತ್ತದೆ, ನನ್ನ ಮತ ಅದಕ್ಕೇ. ತಪ್ಪಿದರೆ, ಬಳಸಿದ ಮೇಲೆ ಎತ್ತಿ ಗೋಡೆಗೆ ಒರಗಿಸಿಡಬಹುದಾದ ಉದ್ದನೆಯ ಜೋಡಿ ಚೌಕಟ್ಟುಗಳು ಸಿಗುತ್ತವೆ. ಇವು ಏರುವುದು ಒಂದೂವರೆ ಎರಡು ಅಡಿಯಷ್ಟೆ, ಬೀಮಿನ ಕೆಳಗಿನ ಎರಡು ಅಡಿ ಎರಡು ಇಂಚಿಗೆ ಹೊಂದುತ್ತವೆ. ಸಣ್ಣ ಕಾರುಗಳಲ್ಲಿ ಈ ಎಲ್ಲದರ ರಬ್ಬರ್ ದಿಂಡು ಕೂರಬೇಕಾದದ್ದು ಬಾಗಿಲ ಕೆಳಗಿನ ಅಂಚಿನಲ್ಲಿ ಜಾಕ್ ಇಡಲೆಂದು ಗಟ್ಟಿ ಮಾಡಿದ ಜಾಗದಲ್ಲೇ. ಬೊಲೆರೊ, ಕ್ರಿಸ್ಟಾದಂಥ ಚಾಸಿ ಇರುವ ಗಾಡಿಗಳಲ್ಲಿ ಚಾಸಿಯ ಕೆಳಗೆ.

ಒಂದರ ಮೇಲೊಂದು ಎರಡು ಕಾರು ನಿಲ್ಲಿಸುವ ಆಸೆ ಇದ್ದರೆ ಬೇಗ ಹೇಳಿ ಮುಗಿಸುತ್ತೇನೆ. 1530 ಮಿಲಿಮೀಟರಿನ ಎರಡು ಹಳೇ ಸ್ವಿಫ್ಟ್, ನಡುವೆ ಆರು ಇಂಚಿನ ಹಾಸು ಸೇರಿದರೇ ಹತ್ತೂವರೆ ಅಡಿ. ಹಾಸನ್ನು ಓರೆಯಾಗಿ ಎತ್ತಿ, ಕೆಳಗಿನ ಕಾರಿನ ತಗ್ಗು ಬಾನೆಟ್ಟಿನ ಕಡೆಗೆ ಅದರ ಇಳಿಜಾರು ಬರುವಂತೆ ಮಾಡುವ ಯಂತ್ರಗಳು ಸ್ವಲ್ಪ ಉಳಿಸುತ್ತವೆ. ಆದರೂ ಒಂಬತ್ತು ಅಡಿ ಇವಕ್ಕೆ ಕಷ್ಟವೇ. ನಗರದ ಕಟ್ಟಡಗಳಲ್ಲಿ ಕೆಳಗಿನ ಕಾರನ್ನು ಗುಂಡಿಗೆ ಇಳಿಸುತ್ತಾರೆ, ಅಲ್ಲಿಗೆ ಸಂಪಿನ ಪ್ರಶ್ನೆ ಮತ್ತೆ ಎದ್ದಿತು.

ಕೊನೆಯದಾಗಿ ಹಲ್ಲು ಮತ್ತು ಕರೆಂಟು. ಏರಿದ ಕಾರನ್ನು ಹಿಡಿದಿರಬೇಕಾದದ್ದು ಎಣ್ಣೆಯಲ್ಲ. ಸೀಲು ಸವೆದರೆ ಎಣ್ಣೆ ಸೋರುತ್ತದೆ, ಪೈಪು ಒಡೆದರೆ ಒಮ್ಮೆಲೇ ಹೋಗುತ್ತದೆ. ಲಿಫ್ಟು ಏರುವಾಗ ಕಟಕಟ ಸದ್ದು ಬರುವುದು ಉಕ್ಕಿನ ಕೊಂಡಿ ಹಲ್ಲುಪಟ್ಟಿಯ ಮೇಲೆ ಹಾದು ಹೋಗುವುದರಿಂದ. ಬೇಕಾದ ಎತ್ತರಕ್ಕೆ ಬಂದ ಮೇಲೆ ಸ್ವಲ್ಪ ಇಳಿಸಿ ಭಾರವನ್ನು ಆ ಹಲ್ಲಿನ ಮೇಲೆ ಕೂರಿಸಿದ ನಂತರವೇ ಕೆಳಗೆ ಕೂರಬೇಕು. ತಗ್ಗು ಸೂರಿನಲ್ಲಿ ಇದಕ್ಕೂ ಎತ್ತರ ಬಿಡಬೇಕು. ಹಲ್ಲಿನಿಂದ ಹಲ್ಲಿಗೆ ಮೂರು ಇಂಚಿದ್ದರೆ, ಮೇಲಿನ ಹಲ್ಲು ಸ್ಲ್ಯಾಬಿಗೆ ತೀರಾ ಹತ್ತಿರವಾಯಿತೆಂದು ಕೆಳಗಿನ ಹಲ್ಲಿಗೇ ನಿಲ್ಲಿಸಬೇಕಾಗಿ ಬಂದು ಮೂರು ಇಂಚು ಸುಮ್ಮನೆ ಕಳೆದುಕೊಳ್ಳುತ್ತೀರಿ. ಕೊಳ್ಳುವ ಮೊದಲು ಹಲ್ಲುಗಳ ಎತ್ತರಗಳನ್ನು ಕೇಳಿ ಬರೆದುಕೊಳ್ಳಿ. ಮೋಟಾರು ಮನೆಯ ಸಿಂಗಲ್ ಫೇಸಿಗೆ ಓಡುವುದೇ ಆಗಿರಲಿ, ಬೋರ್‌ವೆಲ್ಲಿನ ತ್ರೀ ಫೇಸ್ ಕರೆಂಟು ಬರುವ ಹೊತ್ತು ನಮ್ಮ ಕೈಲಿ ಇಲ್ಲ.

ಹಲ್ಲಿನ ಮೇಲೆ ಕೂತ ಕಾರನ್ನು ಇಳಿಸಲು ಮೊದಲು ಸ್ವಲ್ಪ ಮೇಲೆತ್ತಿ ಕೊಂಡಿ ಬಿಡಿಸಬೇಕು. ಮೇಲೆತ್ತಲು ಮೋಟಾರು ಓಡಬೇಕು. ಬೆಸ್ಕಾಂ ಕರೆಂಟು ಹೋದ ಹೊತ್ತಿನಲ್ಲಿ ಯಂತ್ರಕ್ಕೆ ಕೈಪಂಪು ಇಲ್ಲದಿದ್ದರೆ ಕಾರು ಮೂರಡಿ ಮೇಲೇ ಉಳಿಯುತ್ತದೆ, ಶಿಡ್ಲಘಟ್ಟಕ್ಕೆ ಹೋಗಬೇಕಿದ್ದವರು ಬಸ್ಸು ಹಿಡಿಯಬೇಕಾಗುತ್ತದೆ.