ಒಂದು ಕೆ.ಜಿ. ವಿಕ್ರಮಾದಿತ್ಯ

ಬಳ್ಳಾರಿ ಜಿಲ್ಲೆಯ ಮೋಕದಿಂದ ಪಶ್ಚಿಮಕ್ಕೆ ಮುನ್ನೂರು ಕಿಲೋಮೀಟರಿಗೂ ಆಚೆ ಕಾರವಾರ. ಅಲ್ಲಿಯ ಕದಂಬ ನೌಕಾನೆಲೆ ಐಎನ್‌ಎಸ್ ವಿಕ್ರಮಾದಿತ್ಯದ ತವರು ಬಂದರು. ಈ ವಿಮಾನವಾಹಕ ನೌಕೆಯ ಉದ್ದ 284 ಮೀಟರ್, ಅಗಲ 60 ಮೀಟರ್, ಎತ್ತರ ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು, ತೂಕ 44,500 ಟನ್. ಓದಿದರೆ ಅಬ್ಬಾ ಅನಿಸುತ್ತದೆ, ಆದರೆ ಆ ಗಾತ್ರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಅಳತೆ ತಪ್ಪದ ಒಂದು ಮಾದರಿಯನ್ನು ಕೈಯಾರೆ ಮಾಡಿ ನೋಡಬೇಕು.

ಮಾದರಿ ಹಡಗು ಮಾಡುವವರಲ್ಲಿ 1:350 ರೂಢಿಯ ಪ್ರಮಾಣ. ಆ ಲೆಕ್ಕಕ್ಕೆ ವಿಕ್ರಮಾದಿತ್ಯ 81 ಸೆಂ.ಮೀ. ಉದ್ದ, 17 ಸೆಂ.ಮೀ. ಅಗಲ, ಮನೆಯ ಮೇಜಿನ ಮೇಲೆ ಆರಾಮವಾಗಿ ಕೂರುತ್ತದೆ. ಅದರ ಮಿಗ್-29ಕೆ ವಿಮಾನ ಐದು ಸೆಂ.ಮೀ.ಗೂ ಕಡಿಮೆ, ಅಟ್ಟದ ಮೇಲೆ ನಿಂತ ನಾವಿಕ ಐದು ಮಿಲಿಮೀಟರಿಗೂ ಕುಳ್ಳ.

ತೂಕ ಎಷ್ಟಿರಬೇಕು? 44,500 ಟನ್ನನ್ನು 350ರಿಂದ ಭಾಗಿಸಿದರೆ 127 ಟನ್. ಮೇಜು ಪುಡಿಯಾದೀತು! ಆದರೆ ಉದ್ದ ಒಂದೇ ಕುಗ್ಗಿಲ್ಲ. ಅಗಲವೂ ಎತ್ತರವೂ ಜೊತೆಗೇ ಕುಗ್ಗಿವೆ. ಹಾಗಾಗಿ 350ನ್ನು ಮೂರು ಸಲ ಗುಣಿಸಬೇಕು: 4,28,75,000. ಅದರಿಂದ ಭಾಗಿಸಿದಾಗ ಉಳಿಯುವುದು ಒಂದು ಕೆ.ಜಿ. 38 ಗ್ರಾಂ. ನಾಲ್ಕು ಕೋಟಿ ನಲವತ್ತೈದು ಲಕ್ಷ ಕಿಲೋ ಒಂದು ಕಿಲೋಗೆ ಇಳಿದದ್ದನ್ನು ಕಂಡು ನಾನು ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ. ಸರಿಯಾಗಿಯೇ ಇದೆ.

ಕುಶಲಕರ್ಮಿಗೆ ಇದು ಬರೀ ಕಾಗದದ ಮೇಲಿನ ಅಂಕಿಯಲ್ಲ. ತೇಲುವ ಹಡಗು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ. ಒಡಲನ್ನು ನಿಖರವಾಗಿ ಕೆತ್ತಿದ್ದರೆ, ಮಾದರಿ ತನ್ನ ನೀರಿನ ಗೆರೆಯವರೆಗೆ ಮಾತ್ರ ಮುಳುಗಲು ಅದು ಸುಮಾರು ಇಷ್ಟೇ ತೂಗಬೇಕು. ಒಂದು ಗ್ರಾಂ ಹೆಚ್ಚಾದರೆ ನಿಜದ ಹಡಗಿನ ಮೇಲೆ 43 ಟನ್ ಹೇರಿದಂತೆ. ಉಳಿ ಒಂದು ಮಿಲಿಮೀಟರ್ ಜಾರಿದರೆ ಅಲ್ಲಿ 35 ಸೆಂ.ಮೀ. ತಪ್ಪು. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಗೊಂಬೆಗೆ ಹಗುರ ಮರವನ್ನೇ ಆರಿಸುತ್ತಾರೆ. ಈ ಕೆಲಸಕ್ಕೂ ಅಂಥದೇ ಮರ ಬೇಕು, ಅದಕ್ಕಿಂತ ಹೆಚ್ಚಾಗಿ ಅಂಥ ಕೈ ಬೇಕು.

ಇನ್ನು ಒಳಗಿನ ಬದುಕು. ಹಡಗಿನಲ್ಲಿ ಇರುವವರು ಸುಮಾರು 1,600 ಜನ. ತಲಾ 70 ಕೆ.ಜಿ. ಹಿಡಿದರೂ ಮಾದರಿಯ ಲೆಕ್ಕದಲ್ಲಿ ಅಷ್ಟೂ ಜನ ಸೇರಿ 2.6 ಗ್ರಾಂ. ಒಂದು ರೂಪಾಯಿ ನಾಣ್ಯ ಅದಕ್ಕಿಂತ ಭಾರ! ಅವರಿಗೆ ತಿಂಗಳಿಗೆ ಸುಮಾರು ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕು. ಸಿರುಗುಪ್ಪದ ಕಡೆಯ ಭತ್ತದ ಸೀಮೆಯವರಿಗೆ ಈ ಕೊನೆಯ ಅಂಕಿ ಬೇಗ ಅರ್ಥವಾಗುತ್ತದೆ: 25 ಕೆ.ಜಿ.ಯ 640 ಚೀಲ. ಮಾದರಿಯಲ್ಲಿ ಅದು ಅರ್ಧ ಗ್ರಾಮೂ ಇಲ್ಲ, ಸೋನಾ ಮಸೂರಿಯ ಮೂವತ್ತರ ಆಸುಪಾಸು ಕಾಳು. ಆದರೆ ರಷ್ಯಾದ ಸೆವೆರೊಡ್ವಿನ್ಸ್ಕ್‌ನಲ್ಲಿ ಹಡಗನ್ನು ನವೀಕರಿಸುವಾಗ ಎಳೆದ 2,300 ಕಿ.ಮೀ. ಕೇಬಲ್ಲು ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಉದ್ದ ಒಂದೇ ಸಲ ಭಾಗವಾಗುತ್ತದೆ ನೋಡಿ. ಒಂದು ಕೆ.ಜಿ.ಯ ಆ ಪುಟ್ಟ ಒಡಲಿನೊಳಗೆ ಆರೂವರೆ ಕಿಲೋಮೀಟರ್ ಎಳೆ ತುರುಕಬೇಕು.

ವೇಗ ಬೇರೆಯೇ ದಾರಿ ಹಿಡಿಯುತ್ತದೆ. ವಿಕ್ರಮಾದಿತ್ಯ ಗಂಟೆಗೆ ಸುಮಾರು 55 ಕಿ.ಮೀ. ಓಡಬಲ್ಲದು. ಅಲೆಗಳ ನಿಯಮದಲ್ಲಿ ವೇಗ ಕುಗ್ಗುವುದು ಪ್ರಮಾಣದ ವರ್ಗಮೂಲದಷ್ಟು, ಅಂದರೆ ಸುಮಾರು 19 ಪಟ್ಟು ಮಾತ್ರ. ತುಂಗಭದ್ರೆಯ ನೀರು ತರುವ ಕೆಳಮಟ್ಟದ ಕಾಲುವೆಯಲ್ಲಿ (ಎಲ್‌ಎಲ್‌ಸಿ) ನೀರು ಹರಿಯದೆ ನಿಶ್ಚಲವಾಗಿರುವ ದಿನ ಈ ಮಾದರಿಯನ್ನು ಗಂಟೆಗೆ ಮೂರು ಕಿ.ಮೀ.ನಂತೆ ಎಳೆದರೆ, ದಡದ ಮೇಲೆ ಮಗುವೊಂದು ನಡೆದೇ ಅದರ ಜೊತೆ ಸಾಗಬಹುದು. ಹಿಂದೆ ಏಳುವ ಅಲೆಯ ವಿನ್ಯಾಸ ಅರಬ್ಬಿ ಸಮುದ್ರದಲ್ಲಿ ನಿಜದ ಹಡಗು ಎಬ್ಬಿಸುವಂಥದೇ. ನಿಜದ ಎಂಜಿನ್ನುಗಳದು 1,80,000 ಅಶ್ವಶಕ್ತಿ. ಇದಕ್ಕೆ ಈ ಲೆಕ್ಕದಲ್ಲಿ ಒಂದು ವ್ಯಾಟಿನ ಆರನೇ ಒಂದು ಪಾಲು ಸಾಕು.

ನೀರಿನ ಅಂಟು ಮಾತ್ರ ಕುಗ್ಗುವುದಿಲ್ಲ, ಹಾಗಾಗಿ ಮಾದರಿಗೆ ಇದಕ್ಕಿಂತ ಹೆಚ್ಚೇ ಶಕ್ತಿ ಬೇಕು. ಅಲೆಯ ತಡೆಯನ್ನೂ ಉಜ್ಜುವಿಕೆಯ ತಡೆಯನ್ನೂ ಬೇರೆಬೇರೆಯಾಗಿ ಎಣಿಸುವ ದಾರಿ ತೋರಿಸಿದವನು ವಿಲಿಯಂ ಫ್ರೌಡ್. 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕ್ವೆಯಲ್ಲಿ ತೊಟ್ಟಿ ಕಟ್ಟಿಸಿ, ಮೇಣದ ಹಡಗುಗಳನ್ನು ಅದರಲ್ಲಿ ಎಳೆದು ನೋಡಿದ. ಆ ವಿದ್ಯೆ ಇಂದಿಗೂ ನಡೆಯುತ್ತಿದೆ. ವಿಶಾಖಪಟ್ಟಣದ ನೌಕಾ ವಿಜ್ಞಾನ ಪ್ರಯೋಗಾಲಯದಲ್ಲಿ 500 ಮೀಟರ್ ಉದ್ದದ ತೊಟ್ಟಿಯಿದೆ. ಹಡಗುಗಳ ಒಡಲಿನ ವಿನ್ಯಾಸವನ್ನು ಅಲ್ಲಿ ಇಂಥ ಮಾದರಿಗಳನ್ನು ಎಳೆದೇ ಪರೀಕ್ಷಿಸುತ್ತಾರೆ.