ಸರಕಾರದ ದೂರವಾಣಿಯೂ ದಿಲ್ಲಿಯ ಕನ್ನಡಿಗರೂ

ರಾಜಧಾನಿಯಲ್ಲಿ ದುಡಿಯುವ ಕನ್ನಡಿಗನಿಗೆ ಅನ್ನ, ವಸತಿಗಳ ಅನಂತರ ಅತ್ಯವಶ್ಯವಾದುದು ಊರಿನ ಕ್ಷೇಮಸಮಾಚಾರ. ಆದಕಾರಣ ಆ ಸಮಾಚಾರವನ್ನು ಹೊತ್ತುತರುವ ಸಂಸ್ಥೆಯ ಏಳುಬೀಳುಗಳು ನಮಗೆ ಬರಿಯ ವ್ಯಾಪಾರದ ವಾರ್ತೆಗಳಲ್ಲ, ಮನೆವಾರ್ತೆಗಳೇ ಸರಿ. 2025ರ ಜನವರಿ 1ರಿಂದ ದಿಲ್ಲಿಯ ಸರಕಾರಿ ದೂರವಾಣಿಯ ನಿರ್ವಹಣೆಯು ಎಂ.ಟಿ.ಎನ್.ಎಲ್. ಸಂಸ್ಥೆಯಿಂದ ಬಿ.ಎಸ್.ಎನ್.ಎಲ್. ಸಂಸ್ಥೆಯ ಕೈಗೆ ಬಂದಿದೆ. ಇದು ಬಾಗಿಲ ಮೇಲಿನ ಫಲಕ ಬದಲಾದಂತೆ ಮಾತ್ರವೆಂದು ಕೆಲವರು ಎಣಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಇದು ಅಷ್ಟು ಹಗುರವಾದ ವಿಷಯವಲ್ಲ.

ಹಿರಿಯ ವಾಚಕರಿಗೆ ಟ್ರಂಕ್ ಕಾಲಿನ ದಿನಗಳು ನೆನಪಿರಬಹುದು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗಳಲ್ಲಿಯೂ ಮೇಲುಕೀಳುಗಳಿದ್ದುವು. ಬಡವನ ಕರೆ ಎಲ್ಲಕ್ಕೂ ಕೊನೆಯಲ್ಲಿ ಕೂಡುತ್ತಿತ್ತು. ಎಸ್.ಟಿ.ಡಿ. ಬಂದ ಮೇಲೆ, ರಾತ್ರಿ 11ರ ಅನಂತರ ಕಾಲು ದರವೆಂಬ ನಿಯಮವಿದ್ದ ಕಾಲದಲ್ಲಿ, ಹೋಟೆಲಿನ ಬಾಗಿಲು ಹಾಕಿದ ಹುಡುಗರು ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದರು. ಕಿವಿ ತಾಯಿಯ ದನಿಯ ಮೇಲೆ, ಕಣ್ಣು ಮೀಟರಿನ ಅಂಕೆಗಳ ಮೇಲೆ! 2006ರ ಮಾರ್ಚ್ 1ರಂದು ಸರಕಾರದ ಈ ಎರಡೂ ಸಂಸ್ಥೆಗಳು ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿಯಂತೆ ಮಾತನಾಡುವ ಯೋಜನೆಯನ್ನು ತಂದುವು. ದೂರದ ಊರೆಂಬ ಕಾರಣಕ್ಕೆ ಹೆಚ್ಚು ತೆರಬೇಕಾಗಿದ್ದ ದಂಡವು ಅಂದಿಗೆ ತಪ್ಪಿತು. 2013ರ ಜುಲೈ 14ರಂದು ತಂತಿ ಸೇವೆಯೂ ಮುಗಿಯಿತು. ಕಡೆಯ ತಂತಿಯನ್ನು ಕಳುಹಿಸಲು ಜನಪಥದ ತಂತಿ ಕಚೇರಿಯಲ್ಲಿ ಜನ ನೆರೆದಿದ್ದರು.

ಕನ್ನಡನಾಡಿನ ಪಾಲು

ಈ ಜಾಲವನ್ನು ನೇಯುವುದರಲ್ಲಿ ಕನ್ನಡನಾಡಿನ ಪಾಲು ಅಲ್ಪವಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಐ.ಟಿ.ಐ. ಕಾರ್ಖಾನೆಯು ದೇಶದ ಮನೆಮನೆಗಳಿಗೂ ಕಚೇರಿಗಳಿಗೂ ದೂರವಾಣಿ ಯಂತ್ರಗಳನ್ನು ಒದಗಿಸಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಎಂಬ ಸರಕಾರಿ ಸಂಶೋಧನಾ ಕೇಂದ್ರವು ತನ್ನ ಮೊದಲ ದಿನಗಳನ್ನು ಕಳೆದುದು ದಿಲ್ಲಿಯ ಚಾಣಕ್ಯಪುರಿಯ ಅಕ್ಬರ್ ಹೋಟೆಲಿನಲ್ಲಿ. ಅಲ್ಲಿಯ ತಜ್ಞರು ಹಳ್ಳಿಗಳಿಗಾಗಿ 128 ಸಂಪರ್ಕಗಳ ಕಿರಿಯ ಎಕ್ಸ್‌ಚೇಂಜೊಂದನ್ನು ರಚಿಸಿದರು. ಹವಾನಿಯಂತ್ರಣವಿಲ್ಲದೆ, ನಮ್ಮ ಬಿಸಿಲು ಧೂಳುಗಳನ್ನು ತಾಳಿ ನಡೆಯುವುದೇ ಅದರ ಹೆಚ್ಚಳ. 1986ರಲ್ಲಿ ಅದನ್ನು ಮೊತ್ತಮೊದಲು ಸ್ಥಾಪಿಸಿದುದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರೆಲ್ಲ ತಿಳಿದಿರಬೇಕಾದ ಸಂಗತಿ.

ಒಂದೇ ಮನೆ, ಎರಡು ಒಲೆ

ಅದೇ 1986ರ ಏಪ್ರಿಲ್ 1ರಿಂದ ದಿಲ್ಲಿ ಮುಂಬಯಿಗಳೆರಡನ್ನೂ ಎಂ.ಟಿ.ಎನ್.ಎಲ್. ಸಂಸ್ಥೆಗೆ ಒಪ್ಪಿಸಲಾಯಿತು. ಉಳಿದ ದೇಶವು ಇಲಾಖೆಯಲ್ಲಿಯೇ ಇದ್ದು, 2000ದ ಅಕ್ಟೋಬರ್ 1ರಂದು ಬಿ.ಎಸ್.ಎನ್.ಎಲ್. ಆಯಿತು. ಹೋಟೆಲು ನಡೆಸಿದವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿಗಳು ತುಂಬಿದ ಪೇಟೆಯ ಅಂಗಡಿಯ ಗಲ್ಲಾಪೆಟ್ಟಿಗೆ ಒಬ್ಬನಿಗೆ. ಸೌದೆಯನ್ನೂ ನೀರನ್ನೂ ಹೊತ್ತು ಸಾಗಿಸಬೇಕಾದ ಗುಡ್ಡದ ಮೇಲಿನ ಅನ್ನಛತ್ರ ಇನ್ನೊಬ್ಬನಿಗೆ! ಕಾಲಕ್ರಮದಲ್ಲಿ ಪೇಟೆಯ ಅಂಗಡಿಯೂ ಉಳಿಯಲಿಲ್ಲ. ಖಾಸಗಿ ಕಂಪನಿಗಳ ಪೈಪೋಟಿ ಒಂದೆಡೆ. 2010ರಲ್ಲಿ ತರಂಗಗಳ ಹಕ್ಕಿಗಾಗಿ ಸರಕಾರಕ್ಕೇ ತೆತ್ತ ಸುಮಾರು 11 ಸಾವಿರ ಕೋಟಿ ರೂಪಾಯಿಗಳ ಹೊರೆ ಇನ್ನೊಂದೆಡೆ. ಹೀಗೆ ಎಂ.ಟಿ.ಎನ್.ಎಲ್. ಸಾಲದಲ್ಲಿ ಮುಳುಗಿತು.

ಬಿ.ಎಸ್.ಎನ್.ಎಲ್. ಸ್ಥಿತಿಯೂ ಉತ್ತಮವಾಗಿರಲಿಲ್ಲ. 2020ರಲ್ಲಿ ಅದರ 78 ಸಾವಿರಕ್ಕೂ ಮಿಕ್ಕಿದ ನೌಕರರು ಸ್ವಯಂನಿವೃತ್ತಿ ಪಡೆದರು. 2019, 2022 ಮತ್ತು 2023ರಲ್ಲಿ ಸರಕಾರವು ಘೋಷಿಸಿದ ಮೂರು ಪುನಶ್ಚೇತನ ಯೋಜನೆಗಳ ಒಟ್ಟು ಮೊತ್ತ 3 ಲಕ್ಷ ಕೋಟಿ ರೂಪಾಯಿಗಳನ್ನು ಮೀರುತ್ತದೆ. ಖಾಸಗಿಯವರ 4ಜಿ ದೇಶವನ್ನೆಲ್ಲ ವ್ಯಾಪಿಸಿ ವರ್ಷಗಳು ಕಳೆದ ಬಳಿಕ, 2025ರ ಸೆಪ್ಟೆಂಬರ್ 27ರಂದು, ಸ್ವದೇಶಿ 4ಜಿ ಜಾಲವು ಉದ್ಘಾಟನೆಯಾಯಿತು. ಅಂದು ರಾಷ್ಟ್ರಕ್ಕೆ ಅರ್ಪಿಸಿದ ಗೋಪುರಗಳ ಸಂಖ್ಯೆ 97,500ಕ್ಕೂ ಹೆಚ್ಚು. ಇದರಲ್ಲಿಯೂ ಜಾಲದ ತಿರುಳು ಸಿ-ಡಾಟಿನದು, ಗೋಪುರಗಳ ರೇಡಿಯೋ ಉಪಕರಣಗಳು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕಂಪನಿಯವು.

ಗೋಪುರವೆದ್ದರೆ ಸಾಲದು

ಇಷ್ಟು ಹಣವನ್ನು ಏಕೆ ಸುರಿಯಬೇಕೆಂದು ಕೇಳುವವರಿದ್ದಾರೆ. ಉತ್ತರವು ನಮ್ಮ ಊರುಗಳಲ್ಲಿದೆ. ದಿಲ್ಲಿ, ನೊಯಿಡಾ, ಗುರುಗ್ರಾಮಗಳಲ್ಲಿ ಗಿರಾಕಿಗಾಗಿ ಕಂಪನಿಗಳು ಪೈಪೋಟಿ ನಡೆಸುತ್ತವೆ. ಕುಂದಾಪುರ, ಬೈಂದೂರುಗಳ ಘಟ್ಟದ ತಪ್ಪಲಿನಲ್ಲಿ, ಹೊಸನಗರ, ಶಿರಸಿಗಳ ಕಾಡಿನ ನಡುವೆ ಹತ್ತು ಮನೆಗಳಿಗಾಗಿ ಗೋಪುರ ನಿಲ್ಲಿಸಲು ಲಾಭವನ್ನೇ ನೋಡುವವನು ಏಕೆ ಬಂದಾನು? ಇಂತಹ 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಕೇಂದ್ರ ಸಂಪುಟವು 2022ರ ಜುಲೈಯಲ್ಲಿ ಒಪ್ಪಿಗೆಯಿತ್ತಾಗ ಆ ಕಾರ್ಯವು ಬಿ.ಎಸ್.ಎನ್.ಎಲ್. ಪಾಲಿಗೇ ಬಂದುದು ಆಶ್ಚರ್ಯವಲ್ಲ.

ಆದರೆ ಒಲೆ ಹೊತ್ತಿಸಿದ ಮಾತ್ರಕ್ಕೆ ಹೋಟೆಲು ನಡೆಯುವುದಿಲ್ಲ. ಗೋಪುರಕ್ಕೆ ವಿದ್ಯುತ್ತು ಬೇಕು. ಮಳೆಗಾಲದಲ್ಲಿ ತಂತಿ ಹರಿದು ವಿದ್ಯುತ್ತು ನಿಂತರೆ ಬ್ಯಾಟರಿಯ ಆಯುಸ್ಸು ಕೆಲವೇ ಗಂಟೆಗಳದು. ಗೋಪುರದಿಂದ ಮಾತು ಮುಂದಕ್ಕೆ ಸಾಗುವುದು ಬಹುಮಟ್ಟಿಗೆ ನೆಲದಡಿಯ ಕೇಬಲಿನ ಮೂಲಕ. ರಸ್ತೆ ಅಗೆಯುವವನ ಗುದ್ದಲಿ ತಾಗಿದರೆ ಗೋಪುರವಿದ್ದೂ ಊರು ಮೂಕವಾಗುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಇಲ್ಲಿರುವ ಮಗನಿಗೆ ತಿಳಿಯುವ ಬಗೆಯೆಂತು? ಬ್ಯಾಟರಿ ಬದಲಿಸುವ, ಕೇಬಲು ಬೆಸೆಯುವ ಕೈಗಳು ಸಾಕಷ್ಟಿಲ್ಲದಿದ್ದರೆ ಕೋಟಿಗಳ ಲೆಕ್ಕವು ಕಾಗದದ ಮೇಲೆಯೇ ಉಳಿದೀತು.

ಎಲ್ಲರೂ ಸರಕಾರದ ಸಿಮ್ಮನ್ನೇ ಕೊಳ್ಳಿರೆಂದು ನಾವು ಉಪದೇಶಿಸುವವರಲ್ಲ. 2015ರ ಜುಲೈ 3ರಿಂದ ದೇಶದ ಯಾವ ಭಾಗಕ್ಕೆ ಹೋದರೂ ಇದ್ದ ನಂಬರನ್ನೇ ಉಳಿಸಿಕೊಂಡು ಕಂಪನಿಯನ್ನು ಬದಲಿಸುವ ಅವಕಾಶವಿದೆ. ಇಲ್ಲಿಯ ಜಾಹೀರಾತಿಗೆ ಮರುಳಾಗದೆ, ಊರಿನ ಮನೆಯೊಳಗೆ ಯಾರ ಸಿಗ್ನಲ್ ಸಿಗುವುದೆಂದು ವಿಚಾರಿಸಿಕೊಂಡು ಸೇವೆಯನ್ನು ಆರಿಸುವುದು ಜಾಣತನ. ಊರಿನ ಗೋಪುರವು ಪದೇಪದೇ ಮೂಕವಾಗುತ್ತಿದ್ದರೆ, ರಜೆಯಲ್ಲಿ ಹೋದವರು ನಾಲ್ಕು ಜನರ ಸಹಿ ಪಡೆದು ಗ್ರಾಮಪಂಚಾಯತಿಯ ಮೂಲಕ ಲಿಖಿತ ದೂರನ್ನು ಕೊಡಿಸಲಿ. ಇದು ಯಾರ ಭಿಕ್ಷೆಯೂ ಅಲ್ಲ. ಪ್ರಜೆಗಳ ಹಣದಿಂದ ನಿಂತ ಸಂಸ್ಥೆಯಲ್ಲಿ ಪ್ರಜೆಗಳಿಗಿರುವ ಹಕ್ಕು. ಲಾಭಕ್ಕೆ ಬಾರದ ಊರಿಗೂ ಸೇವೆ ಮುಟ್ಟಿಸುವುದೇ ಸರಕಾರದ ದೂರವಾಣಿ ಇರಬೇಕಾದ ಕಾರಣ. ಆ ಕಾರಣವನ್ನು ಅದು ಮರೆಯದಂತೆ ನೋಡಿಕೊಳ್ಳಬೇಕಾದವರು, ಊರಿನ ಕರೆಗಾಗಿ ಕಾದಿರುವ ನಾವೇ.