ಉಲ್ಕಾಶಿಲೆಗಳ ಬೇಟೆಗಾರರು

ಬೀಜಾಡಿಯ ಕಡಲತೀರದಲ್ಲಿ ನಿಂತು ಇರುಳಿನ ಆಕಾಶವನ್ನು ನೋಡುವವರಿಗೆ ಉಲ್ಕೆಯು ಅಪೂರ್ವವಾದುದಲ್ಲ. ‘ನಕ್ಷತ್ರ ಬಿದ್ದಿತು’ ಎಂದು ನಾವೆಲ್ಲರೂ ಹೇಳುವೆವು. ಬೀಳುವುದು ನಕ್ಷತ್ರವಲ್ಲ, ಅಂತರಿಕ್ಷದಲ್ಲಿ ಅಲೆಯುತ್ತಿದ್ದ ಕಲ್ಲಿನ ಅಥವಾ ಕಬ್ಬಿಣದ ತುಣುಕು. ಹೆಚ್ಚಿನವು ಗಾಳಿಯಲ್ಲಿಯೇ ಉರಿದುಹೋಗುವುವು. ಉಳಿದು ನೆಲವನ್ನು ಮುಟ್ಟಿದುದೇ ಉಲ್ಕಾಶಿಲೆ. ೧೮೬೬ನೆಯ ಇಸವಿ ಏಪ್ರಿಲಿನಲ್ಲಿ ನಮ್ಮ ನೆರೆಯ ಉಡುಪಿಯ ಕಡೆಯಲ್ಲಿಯೂ ಅಂತಹುದೊಂದು ಬಿದ್ದಿತು. ವಿಜ್ಞಾನಿಗಳ ಪಟ್ಟಿಯಲ್ಲಿ ಅದರ ಹೆಸರು ‘ಉಡುಪಿ’ ಎಂದೇ ಇರುವುದು.

ಇಂತಹ ಕಲ್ಲುಗಳನ್ನು ಅರಸುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡವರೊಬ್ಬರಿದ್ದರೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅವರೇ ಹಾರ್ವೆ ನೈನಿಂಗರ್. ೧೮೮೭ರಲ್ಲಿ ಅಮೇರಿಕದ ಕಾನ್ಸಾಸಿನಲ್ಲಿ ಜನಿಸಿದ ಇವರು ಮೆಕ್‌ಫರ್ಸನ್ ಕಾಲೇಜಿನಲ್ಲಿ ಜೀವಶಾಸ್ತ್ರದ ಅಧ್ಯಾಪಕರಾಗಿದ್ದರು. ೧೯೨೩ರ ನವೆಂಬರ್ ೯ರ ರಾತ್ರಿ ಉರಿಯುವ ಗೋಲವೊಂದು ಆಕಾಶವನ್ನು ಸೀಳಿಹೋದುದನ್ನು ಕಂಡರು. ಬೇರೆಬೇರೆ ಊರಿನವರು ಅದನ್ನು ಯಾವ ದಿಕ್ಕಿನಲ್ಲಿ ಕಂಡರೆಂದು ವಿಚಾರಿಸಿ, ನಕ್ಷೆಯಲ್ಲಿ ಗೆರೆಗಳನ್ನೆಳೆದು, ಬಿದ್ದ ಸ್ಥಳವನ್ನು ಊಹಿಸಿ ಹುಡುಕಹೊರಟರು. ಆ ಕಲ್ಲು ಸಿಕ್ಕಲಿಲ್ಲ. ಆದರೆ ಹಿಂದೆಂದೋ ಬಿದ್ದ ಬೇರೆ ಉಲ್ಕಾಶಿಲೆಗಳು ದೊರೆತುವು!

ಆಯುಷ್ಯವೆಲ್ಲ ಅಲೆದರೂ ಒಂದೇ ಒಂದು ಕಲ್ಲು ಸಿಕ್ಕರೆ ಹೆಚ್ಚೆಂದು ಬಲ್ಲವರು ನಿರುತ್ಸಾಹಗೊಳಿಸಿದರು. ಆದರೂ ೧೯೩೦ರಲ್ಲಿ, ಲೋಕವೆಲ್ಲ ಹಣದ ಮುಗ್ಗಟ್ಟಿನಿಂದ ತತ್ತರಿಸುತ್ತಿದ್ದಾಗ, ಇವರು ಸಂಬಳದ ಕೆಲಸವನ್ನು ಬಿಟ್ಟು ಡೆನ್ವರ್ ನಗರವನ್ನು ಸೇರಿದರು. ಪತ್ನಿ ಆ್ಯಡಿಯವರೂ ಮೂವರು ಮಕ್ಕಳೂ ಈ ಸಾಹಸದ ಭಾರವನ್ನು ಹೊತ್ತರು. ಶಾಲೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಭಾಷಣ ಮಾಡಿ, ಮಾದರಿಯ ಕಲ್ಲನ್ನು ಜನರ ಕೈಗೇ ಕೊಟ್ಟು ತೋರಿಸುವುದು ನೈನಿಂಗರರ ಕ್ರಮ. ರೈತರು ತಂದ ನಿಜವಾದ ಕಲ್ಲಿಗೆ ಪೌಂಡಿಗೊಂದು ಡಾಲರಿನಂತೆ ಬೆಲೆ ಕೊಡುತ್ತಿದ್ದರು.

ಈ ಬೇಟೆಯಲ್ಲಿ ಗೃಹಿಣಿಯೊಬ್ಬರು ಅವರಿಗಿಂತ ಮುಂದಾಗಿದ್ದರೆಂಬುದು ನಮ್ಮ ಸೋದರಿಯರಿಗೆ ಸಂತೋಷದ ಸಂಗತಿ. ಕಾನ್ಸಾಸಿನ ರೈತನ ಮಡದಿ ಎಲೈಜಾ ಕಿಂಬರ್ಲಿ ಹೊಲದ ಕರಿಕಲ್ಲುಗಳನ್ನು ಕೂಡಿಡುತ್ತಿದ್ದರು, ನೆರೆಹೊರೆಯವರು ನಗುತ್ತಿದ್ದರು. ಕೊನೆಗೆ ಪ್ರಾಧ್ಯಾಪಕರೊಬ್ಬರು ಬಂದು, ಅವು ಉಲ್ಕಾಶಿಲೆಗಳೆಂದು ಗುರುತಿಸಿ ಹಣ ಕೊಟ್ಟು ಕೊಂಡರು. ಅದೇ ಹೊಲದ ಹೊಂಡವನ್ನು ೧೯೩೩ರಲ್ಲಿ ನೈನಿಂಗರ್ ಅಗೆಯಿಸಿದಾಗ ಅದು ಉಲ್ಕೆಯು ಬಿದ್ದು ಆದ ಕುಳಿಯೆಂದು ತಿಳಿಯಿತು.

೧೯೪೬ರಲ್ಲಿ ಅವರು ಅರಿಝೋನದಲ್ಲಿ ಉಲ್ಕಾಶಿಲೆಗಳ ವಸ್ತುಸಂಗ್ರಹಾಲಯವನ್ನು ತೆರೆದರು. ಅವರ ಸಂಗ್ರಹದ ಒಂದು ಭಾಗವು ೧೯೫೮ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೂ ಉಳಿದುದು ೧೯೬೦ರಲ್ಲಿ ಅರಿಝೋನ ರಾಜ್ಯ ವಿಶ್ವವಿದ್ಯಾಲಯಕ್ಕೂ ಸೇರಿದುವು. ೧೯೮೬ರಲ್ಲಿ, ೯೯ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಮ್ಮ ಕರಾವಳಿಯ ಮಳೆಗೆ ಉಲ್ಕೆಯೊಳಗಿನ ಕಬ್ಬಿಣವು ಬೇಗನೆ ತುಕ್ಕು ಹಿಡಿಯುವುದು. ಮುರಕಲ್ಲಿನ ನೆಲದಲ್ಲಿ ಅದನ್ನು ಗುರುತಿಸುವುದೂ ಕಷ್ಟ. ಆದುದರಿಂದ ಕಂಡ ಕೂಡಲೇ ಎಚ್ಚರಬೇಕು. ಹೊಸದಾಗಿ ಬಿದ್ದ ಕಲ್ಲಿಗೆ ಕರಿಯ ತೆಳುವಾದ ಸಿಪ್ಪೆಯಿರುವುದು, ಗಾತ್ರಕ್ಕೆ ಮೀರಿದ ತೂಕವಿರುವುದು, ಸಾಮಾನ್ಯವಾಗಿ ಅಯಸ್ಕಾಂತವು ಅದಕ್ಕೆ ಅಂಟುವುದು. ಅಂತಹುದು ದೊರೆತರೆ ಒಡೆಯದೆ, ತೊಳೆಯದೆ, ಹೊತ್ತನ್ನೂ ಸ್ಥಳವನ್ನೂ ಬರೆದಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸತಕ್ಕುದು. ಕೋಟ್ಯಂತರ ವರ್ಷ ಅಲೆದು ನಮ್ಮ ಅಂಗಳಕ್ಕೆ ಬಂದ ಅತಿಥಿಗೆ ನಾವು ಸಲ್ಲಿಸಬಹುದಾದ ಸತ್ಕಾರವು ಇಷ್ಟೇ.